18.5 ಎಚ್‌ಪಿ ಸಾಲದು ಅನ್ನಿಸಿದಾಗ

ಗುಬ್ಬಿ ತಾಲ್ಲೂಕಿನಲ್ಲಿ ನಮ್ಮದು ಐದು ಎಕರೆ ಚಿಲ್ಲರೆ ಜಮೀನು. ಎರಡು ಎಕರೆ ಅಡಿಕೆ, ಎರಡೂವರೆ ಎಕರೆ ತೆಂಗು. ಮಿಕ್ಕಿದ್ದು ಇಳಿಜಾರಿನ ಒಂದು ತಾಕು. ಅಲ್ಲಿ ಮಳೆ ನೋಡಿಕೊಂಡು ರಾಗಿ, ಇಲ್ಲವೇ ಹಸುಗಳಿಗೆ ಜೋಳ. ಇಷ್ಟಕ್ಕೂ ದುಡಿಯುತ್ತಿದ್ದದ್ದು ಒಂದು ಮಿನಿ ಟ್ರ್ಯಾಕ್ಟರ್. ಎಂಜಿನ್ ಶಕ್ತಿ 18.5 ಎಚ್‌ಪಿ. ಟು ವೀಲ್ ಡ್ರೈವ್, ಅಂದರೆ ಎಂಜಿನ್ ತಿರುಗಿಸೋದು ಹಿಂದಿನ ಎರಡು ಚಕ್ರ ಮಾತ್ರ. ರಿಪೇರಿ ಅಂತ ಅದು ನಮ್ಮನ್ನು ಜಾಸ್ತಿ ಕಾಡಿಸಿದ್ದಿಲ್ಲ. ಆದರೂ ನನ್ನ ತಲೆಯಲ್ಲಿ ಹುಳ ಹೊಕ್ಕಿತ್ತು. ಇದನ್ನು ಕೊಟ್ಟು 27-28 ಎಚ್‌ಪಿಯ ಹಳೇ ಗಾಡಿ ಒಂದು ತಂದರೆ ಹೇಗೆ?

ಹುಳ ಬಿಟ್ಟವರು ಪಕ್ಕದ ತೋಟದವರು. ಅವರು ಸೆಕೆಂಡ್ ಹ್ಯಾಂಡ್‌ನಲ್ಲಿ 27 ಎಚ್‌ಪಿ ಗಾಡಿ ತಂದರು. ನಾನು ಮಧ್ಯಾಹ್ನದವರೆಗೂ ಒದ್ದಾಡುವ ಕೆಲಸವನ್ನು ಅವರು ತಿಂಡಿ ಹೊತ್ತಿಗೆ ಮುಗಿಸಿ ಬೇಲಿ ಹತ್ತಿರ ನಿಂತು, 'ಇನ್ನೂ ಆಗ್ಲಿಲ್ವಾ?' ಅಂತ ಕೇಳುತ್ತಿದ್ದರು. ಕೇಳಿದ್ದು ಸಹಜವಾಗಿಯೇ. ನನಗೆ ಮಾತ್ರ ಚುಚ್ಚುತ್ತಿತ್ತು.

ಇನ್ನೊಂದು ಆಸೆ ತೆಂಗಿನ ಗರಿಯದು. ಒಂದು ಮರ ವರ್ಷಕ್ಕೆ ಹನ್ನೆರಡು ಗರಿಯಾದರೂ ಉದುರಿಸುತ್ತದೆ. ಮೂವತ್ತು ಅಡಿ ಅಂತರದಲ್ಲಿ ಎಕರೆಗೆ 48 ಮರ. ನಮ್ಮ ಲೆಕ್ಕಕ್ಕೆ ವರ್ಷಕ್ಕೆ ಸಾವಿರದ ನಾನೂರು ಗರಿ. ನೀರೊಲೆಗೆ ಎಷ್ಟು ಅಂತ ಉರಿಸೋದು? ಪುಡಿ ಮಾಡಿ ಬುಡಕ್ಕೆ ಹಾಕಿದರೆ ತೇವ ನಿಲ್ಲುತ್ತದೆ, ಗೊಬ್ಬರವೂ ಆಗುತ್ತದೆ. ಆದರೆ ಟ್ರ್ಯಾಕ್ಟರ್ ಪಿಟಿಒಗೆ (ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಹಿಂದಿನ ತಿರುಗುವ ದಂಡ) ಹಾಕುವ ಶ್ರೆಡ್ಡರ್, ಅಂದರೆ ಗರಿ ಪುಡಿ ಮಾಡುವ ಯಂತ್ರ, ನಮ್ಮ ಗಾಡಿಗೆ ಆಗಿಬರಲ್ಲ. ಎಂಜಿನ್‌ನ ಎಚ್‌ಪಿ ಪೂರಾ ಪಿಟಿಒಗೆ ಬರೋದಿಲ್ಲ, ಹತ್ತು ಹದಿನೈದು ಪರ್ಸೆಂಟ್ ದಾರಿಯಲ್ಲೇ ಹೋಗುತ್ತದೆ. ನಮ್ಮದರಲ್ಲಿ ಉಳಿಯೋದು ಹದಿನಾರರ ಹತ್ತಿರ. ದಪ್ಪ ಮಟ್ಟೆ ಸಿಕ್ಕರೆ ಉಸಿರು ನಿಂತುಹೋಗುತ್ತದೆ.

ಮನೆಯಲ್ಲಿ ವಿಷಯ ಎತ್ತಿದೆ. ಅಪ್ಪ, 'ಟಿಲ್ಲರ್ ಹಿಂದೆ ನಡೆದೇ ಕಣ್ಲಾ ನಾನು ಈ ತೋಟ ಮಾಡಿದ್ದು. ನಿಂಗೆ ಸೀಟಿನ ಮೇಲೆ ಕೂತ್ಕಂಡ್ರೂ ಸಾಕಾಗ್ತಿಲ್ವಾ?' ಅಂದರು. ಹೆಂಡತಿ ಏನೂ ಅನ್ನಲಿಲ್ಲ. ಲೆಕ್ಕದ ಪುಸ್ತಕ ಅವಳ ಹತ್ತಿರ ಇರೋದು, ಹಾಗಾಗಿ ಆ ಮೌನ ನೋಡಿಯೇ ನನಗೆ ಸ್ವಲ್ಪ ಭಯವಾಯಿತು.

ದಾರಿ ತೋರಿಸಿದ್ದು ನಮ್ಮ ಮೆಕ್ಯಾನಿಕ್ ಭಾಯ್. ಆಯಿಲ್ ಬದಲಾಯಿಸಲು ಹೋದಾಗ ಸುಮ್ನೆ ಕೇಳಿದ್ದೆ, ಯಾವ ಗಾಡಿ ತಗೊಳ್ಳಲಿ ಅಂತ. ಅವರು ಕಂಪನಿ ಹೆಸರು ಹೇಳುವ ಬದಲು ನನ್ನನ್ನೇ ಕೇಳಿದರು:

'ಅಣ್ಣ, ಕೆಲಸ ಮಾಡ್ತಾ ಮೊದಲು ಸೋಲೋದು ಯಾವುದು? ಎಂಜಿನ್ನಾ, ಚಕ್ರಾನಾ?'

ನಾನು ತಬ್ಬಿಬ್ಬಾದೆ. ಅವರೇ ಬಿಡಿಸಿ ಹೇಳಿದರು. ಎಂಜಿನ್ ಸೌಂಡ್ ಇಳಿದು, ಕಪ್ಪು ಹೊಗೆ ಬಂದು, ಆಫ್ ಆಗೋ ಹಾಗೆ ಆದರೆ ಶಕ್ತಿ ಸಾಲದು ಅಂತ ಅರ್ಥ. ಎಂಜಿನ್ ಆರಾಮಾಗಿ ಓಡುತ್ತಿದ್ದು ಹಿಂದಿನ ಚಕ್ರ ಜಾಗದಲ್ಲೇ ಗಿರಕಿ ಹೊಡೆದರೆ ಶಕ್ತಿ ಇದೆ, ಹಿಡಿತ ಇಲ್ಲ. ಹಿಡಿತ ಇಲ್ಲದ ಗಾಡಿಗೆ ಎಚ್‌ಪಿ ಸೇರಿಸಿದರೆ ಚಕ್ರ ಇನ್ನೂ ಜೋರಾಗಿ ಗಿರಕಿ ಹೊಡೆಯುತ್ತದೆ ಅಷ್ಟೇ. ಇದನ್ನು ಅಳತೆ ಮಾಡಿಯೇ ನೋಡಬಹುದು ಅಂದರು. ಹೇಗೆ ಅಂತಲೂ ಹೇಳಿಕೊಟ್ಟರು.

ಹಿಂದಿನ ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ದಪ್ಪಗೆ ಒಂದು ಗೆರೆ ಎಳೆದೆ. ಮಗ ಟೇಪ್ ಹಿಡಿದುಕೊಂಡು ಪಕ್ಕದಲ್ಲೇ ನಡೆದ. ಮೊದಲು ಕಲ್ಟಿವೇಟರ್ (ಉಳುವ ಹಲ್ಲುಗಳ ಸಾಧನ) ಎತ್ತಿಕೊಂಡು ಚಕ್ರ ಹತ್ತು ಸುತ್ತು ತಿರುಗುವಷ್ಟು ದೂರ ಓಡಿಸಿದೆ. 86 ಅಡಿ ಬಂತು. ಆಮೇಲೆ ಇಳಿಜಾರಿನ ತಾಕಿನಲ್ಲಿ ಕಲ್ಟಿವೇಟರ್ ನೆಲಕ್ಕೆ ಬಿಟ್ಟು, ಏರಿನ ಕಡೆಗೆ ಅದೇ ಹತ್ತು ಸುತ್ತು. ಬಂದದ್ದು 64 ಅಡಿ. ಅಂದರೆ ನೂರಕ್ಕೆ ಇಪ್ಪತ್ತೈದು ಭಾಗ ಸುಮ್ನೆ ಉಜ್ಜಿ ಹೋಗುತ್ತಿದೆ. ಡೀಸೆಲ್ಲೂ ಹೋಯಿತು, ಟೈರೂ ಹೋಯಿತು. ಉಳುವಾಗ ಹತ್ತರಿಂದ ಹದಿನೈದು ಪರ್ಸೆಂಟ್ ಜಾರಿದರೆ ಸರಿ, ಅದಕ್ಕಿಂತ ಜಾಸ್ತಿಯಾದರೆ ನಷ್ಟ. ಆ ಹೊತ್ತಿನಲ್ಲೂ ಎಂಜಿನ್ ಮಾತ್ರ ಏನೂ ಆಗದ ಹಾಗೆ ಓಡುತ್ತಿತ್ತು.

ಅಡಿಕೆ ತೋಟದಲ್ಲಿ ರೋಟವೇಟರ್ (ತಿರುಗುವ ಬ್ಲೇಡಿನಿಂದ ಮಣ್ಣು ಕೊಚ್ಚುವ ಸಾಧನ) ಹಾಕಿ ನೋಡಿದಾಗ ಕಥೆ ಬೇರೆ. ರೋಟವೇಟರ್ ಬ್ಲೇಡು ಚಕ್ರ ತಿರುಗುವ ಕಡೆಗೇ ತಿರುಗಿ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಲಿ ಚಕ್ರ ಜಾರೋ ಮಾತೇ ಇಲ್ಲ, ಭಾರ ಬೀಳೋದು ಎಂಜಿನ್ ಮೇಲೆ. ಕೆರೆ ಗೋಡು ಮಣ್ಣು ಹೊಡೆಸಿದ್ದ ಜಾಗದಲ್ಲಿ ಸೌಂಡ್ ಕೆಳಗಿಳಿಯಿತು, ನಿಜ. ಒಂದು ಗೇರ್ ಕಡಿಮೆ ಮಾಡಿದೆ, ಸರಿಹೋಯಿತು. ಬ್ಲೇಡುಗಳೂ ಸವೆದು ಮೊಂಡಾಗಿದ್ದವು. ಹೊಸ ಸೆಟ್ ಹಾಕಿಸಿದ ಮೇಲೆ ಅದೇ ಗಾಡಿ ಅದೇ ಸಾಲಿನಲ್ಲಿ ಹಗುರಾಗಿ ನಡೆಯಿತು.

ಅಡಿಕೆ ವಿಷಯದಲ್ಲಿ ಎಚ್‌ಪಿಗಿಂತ ದೊಡ್ಡ ಪ್ರಶ್ನೆ ಅಗಲ. ನಮ್ಮದು ಒಂಬತ್ತು ಅಡಿ ಅಂತರದ ತೋಟ. ಅಡಿಕೆಯ ಬೇರು ಆಳಕ್ಕೆ ಹೋಗೋದಲ್ಲ. ಮೇಲಿನ ಎರಡು ಅಡಿ ಮಣ್ಣಿನಲ್ಲೇ, ಬುಡದಿಂದ ಮೂರಡಿ ದೂರದೊಳಗೇ ಹೆಚ್ಚಿನ ಬೇರು ಹರಡಿಕೊಂಡಿರುತ್ತದೆ. ಎರಡೂ ಕಡೆ ಮೂರು ಮೂರು ಅಡಿ ಬಿಟ್ಟರೆ ನಡುವೆ ಉಳಿಯೋದು ಮೂರೇ ಅಡಿ. ಡ್ರಿಪ್ ಪೈಪ್ ಬೇರೆ ಅಲ್ಲೇ ಎಲ್ಲೋ ಅಡ್ಡ ಬಂದಿರುತ್ತದೆ. ಇಂಥ ಕಡೆ ಐದಡಿ ರೋಟವೇಟರ್ ಎಳೆಯುವ ಗಾಡಿ ಇಟ್ಟುಕೊಂಡು ಏನು ಮಾಡೋದು? ನಮಗೆ ಬೇಕಿದ್ದದ್ದು ಅದೇ ಮೂರಡಿಯ ರೋಟವೇಟರ್, ಒಂದೂವರೆ ಇಂಚು ಮೇಲೆ ಕೆರೆದು ಹುಲ್ಲು ಸಾಯಿಸಿದರೆ ಸಾಕು. ತೋಟ ಉಳಬೇಕು ಅಂತ ಆಳಕ್ಕೆ ಹೊಡೆಸಿ, ಮುಂದಿನ ವರ್ಷ ಹರಳು (ಎಳೇ ಅಡಿಕೆ ಕಾಯಿ) ಉದುರುತ್ತೆ ಅಂತ ಔಷಧಿ ಅಂಗಡಿ ಮುಂದೆ ನಿಲ್ಲುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗಾದರೆ ಖರ್ಚಿಲ್ಲದ ಉಪಾಯ ಮೊದಲು ಮಾಡೋಣ ಅಂತ ಭಾರ ಹೆಚ್ಚಿ ಚಕ್ರ ನೆಲ ಕಚ್ಚಲಿ ಅಂತ ಹಿಂದಿನ ಟೈರುಗಳಿಗೆ ನೀರು ತುಂಬಿಸಿದೆ. ಜಾಕ್ ಕೊಟ್ಟು ವಾಲ್ವ್ ಮೇಲಕ್ಕೆ ಬರುವ ಹಾಗೆ ಚಕ್ರ ತಿರುಗಿಸಿ ಮುಕ್ಕಾಲು ಭಾಗ ನೀರು, ಮಿಕ್ಕಿದ್ದಕ್ಕೆ ಗಾಳಿ. ಒಂದೊಂದಕ್ಕೆ ಐವತ್ತು ಲೀಟರ್ ಹತ್ತಿರ ಹಿಡಿಯಿತು. ಎರಡೂ ಸೇರಿ ನೂರು ಕಿಲೋ ಭಾರ. ಮತ್ತೆ ಸೀಮೆಸುಣ್ಣ, ಮತ್ತೆ ಟೇಪು. ಈ ಸಲ 70 ಅಡಿ. ಸುಧಾರಿಸಿತು, ಆದರೆ ಇನ್ನೂ ಹದಿನೆಂಟು ಪರ್ಸೆಂಟ್ ಜಾರುತ್ತಲೇ ಇತ್ತು. ಅದೂ ಒಣ ನೆಲದಲ್ಲಿ. ಮಳೆ ಬಿದ್ದ ಮಾರನೇ ದಿನ, ಬಿತ್ತನೆಗೆ ಹದ ಇರುವಾಗಲೇ ಆ ಇಳಿಜಾರಿನಲ್ಲಿ ಗಾಡಿ ಅಡ್ಡ ಜಾರುತ್ತದೆ. ಅದೇ ನಿಜವಾದ ತೊಂದರೆ. ಜೊತೆಗೆ ಈ ಹೆಚ್ಚುವರಿ ಭಾರ ಅಡಿಕೆ ಸಾಲಿನಲ್ಲೂ ಓಡಾಡಿ ನೆಲ ಗಟ್ಟಿ ಮಾಡೋದು ನನಗೆ ಇಷ್ಟವಾಗಲಿಲ್ಲ.

ಬೇಕಿರೋದು ಫೋರ್ ವೀಲ್ ಡ್ರೈವ್ ಅಂತ ಅಲ್ಲಿಗೆ ಗೊತ್ತಾಯಿತು. ಎಚ್‌ಪಿ ಸ್ವಲ್ಪ ಜಾಸ್ತಿ ಸಿಕ್ಕರೆ ಸಿಗಲಿ.

ಈಗ ಹೆಂಡತಿ ಬಾಯಿ ಬಿಟ್ಟಳು. ನಮ್ಮ ಗಾಡಿಗೆ ಒಂದು ಲಕ್ಷ ತೊಂಬತ್ತು ಸಾವಿರ ಬರುತ್ತೆ ಅಂತ ಇಟ್ಟುಕೊಳ್ಳಿ, ಹೊಸದಾಗಿ ತರೋ ಹಳೇದಕ್ಕೆ ಮೂರು ಅರವತ್ತು. ಮೇಲೆ ಕೊಡಬೇಕಾದ್ದು ಒಂದು ಲಕ್ಷ ಎಪ್ಪತ್ತು ಸಾವಿರ. ಬಾಡಿಗೆ ಟ್ರ್ಯಾಕ್ಟರ್ ಗಂಟೆಗೆ ಸಾವಿರ ಅಂದರೂ 170 ಗಂಟೆ ಕರೆಸಬಹುದು. ಆ ಇಳಿಜಾರಿನ ತಾಕಿಗೆ ವರ್ಷಕ್ಕೆ ಎಷ್ಟು ಗಂಟೆ ಬೇಕು?

ಎಂಟು ಗಂಟೆ ಅಂದೆ. ಅವಳು ಪುಸ್ತಕ ಮುಚ್ಚಿದಳು.

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಶ್ರೆಡ್ಡರ್ ಆಸೆಯನ್ನು ನಾನು ಬಿಟ್ಟದ್ದೂ ಅದೇ ಲೆಕ್ಕದಿಂದ. ವರ್ಷಕ್ಕೆ ಎರಡು ಸಲದ ಕೆಲಸಕ್ಕೆ ಯಾಕೆ ಕಟ್ಟಿಕೊಳ್ಳೋದು? ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ, ಊರಲ್ಲಿ ದೊಡ್ಡ ಗಾಡಿ ಇಟ್ಟವರಿದ್ದಾರೆ. ಆದರೆ ಉಳುಮೆಗೆ ಈ ಮಾತು ನಡೆಯೋದಿಲ್ಲ. ಮಳೆ ಬಿದ್ದಾಗ ಊರಿಗೆಲ್ಲ ಒಂದೇ ದಿನ ಟ್ರ್ಯಾಕ್ಟರ್ ಬೇಕು. ನಮ್ಮ ಸರದಿ ಬರೋ ಹೊತ್ತಿಗೆ ಹದ ಆರಿರುತ್ತದೆ. ಬರೋದು 45 ಎಚ್‌ಪಿಯ ದೊಡ್ಡ ಗಾಡಿ, ಅದು ತೆಂಗಿನ ತೋಟದಲ್ಲಿ ತಿರುಗಿಕೊಳ್ಳುವಾಗ ಒಂದಾದರೂ ಸಸಿ ಬಲಿ ಬೀಳುತ್ತದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮೇಲೆ ಕೊಡೋದು ಒಂದೂವರೆ ಲಕ್ಷ ದಾಟಬಾರದು, ಸಾಲ ಮಾಡಬಾರದು, ಸಿಗದಿದ್ದರೆ ಇದೇ ಗಾಡಿ. ಅಪ್ಪ ತಮ್ಮದೊಂದು ಸೇರಿಸಿದರು: ಕೆಸರುಗದ್ದೆಯಲ್ಲಿ ಓಡಿದ ಗಾಡಿ ಬೇಡ. ಆ ಮಾತು ಎಷ್ಟು ಬೆಲೆಬಾಳುತ್ತದೆ ಅಂತ ಆಮೇಲೆ ತಿಳಿಯಿತು.

ಹೊಸದನ್ನೇ ಯಾಕೆ ನೋಡಲಿಲ್ಲ ಅಂತ ಕೇಳಬಹುದು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ಸಬ್ಸಿಡಿ ಸಿಗೋದೂ ಹೊಸದಕ್ಕೇ. ಆದರೂ ಈ ಅಳತೆಯ ಫೋರ್ ವೀಲ್ ಗಾಡಿ ನಮ್ಮ ಕೈಗೆ ಎಟುಕುವ ಬೆಲೆಯಲ್ಲಿರಲಿಲ್ಲ. ಹೊಸದರ ಬೆಲೆ ಇಳಿದದ್ದು ಹಳೇದರ ಚೌಕಾಸಿಗೆ ಮಾತ್ರ ಚೆನ್ನಾಗಿ ಉಪಯೋಗಕ್ಕೆ ಬಂತು. ಮಾರುವವರು ಹಳೇ ರೇಟಿನ ಮೇಲೆ ಲೆಕ್ಕ ಹಾಕಿರುತ್ತಾರೆ. 'ಹೊಸದೇ ಕಮ್ಮಿಯಾಗಿದೆಯಲ್ಲ ಸ್ವಾಮಿ' ಅಂದರೆ ಸ್ವಲ್ಪ ಮೆತ್ತಗಾಗುತ್ತಾರೆ.

ಬಿ.ಎಚ್. ರಸ್ತೆ ಪಕ್ಕದ ಒಂದು ಯಾರ್ಡಿನಲ್ಲಿ 28 ಎಚ್‌ಪಿಯ ಗಾಡಿ ನೋಡಿದೆ. ಹೊಸ ಪೇಂಟು, ಹೊಸ ಸೀಟ್ ಕವರು, ಬಾನೆಟ್ ಮೇಲೆ ಹೂವಿನ ಹಾರ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ನಾನು ಬರೋ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿರುವ ಎಂಜಿನ್ ಮೊದಲ ಸಲ ಹೇಗೆ ಎದ್ದೇಳುತ್ತದೆ ಅನ್ನೋದರಲ್ಲೇ ಅರ್ಧ ಸತ್ಯ ಇರೋದು. ಮೀಟರ್ 900 ಗಂಟೆ ತೋರಿಸುತ್ತಿತ್ತು, ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಟ್ರೇಲರ್ ಪಿನ್ ಹಾಕುವ ತೂತು ಮೊಟ್ಟೆ ಆಕಾರಕ್ಕೆ ತಿರುಗಿತ್ತು. 900 ಗಂಟೆಯಲ್ಲಿ ಇಷ್ಟು ಸವೆಯೋದಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರೆ ಎಂಜಿನ್ ಒಳಗಿಂದ ಹೊಗೆ ಪುಸು ಪುಸು ಅಂತ ಮೇಲೆ ಬರುತ್ತಿತ್ತು. ಪಿಸ್ಟನ್ ರಿಂಗು ಹೋಗಿದೆ. ಭಾಯ್ ನನ್ನ ಕಡೆ ನೋಡಿ ಕಣ್ಣಲ್ಲೇ ನಡಿ ಅಂದರು.

ಇನ್ನೊಂದು ಗಾಡಿ ನಾಲೆ ಬಯಲಿನ ಊರಿನದು. 27 ಎಚ್‌ಪಿ, ಫೋರ್ ವೀಲ್. ಇದು ತಣ್ಣಗಿತ್ತು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆ ತಿಳಿಯಾಗಿತ್ತು. ನನಗೆ ಮನಸ್ಸು ಹೋಯಿತು. ಭಾಯ್ ಮಾತ್ರ ಕೆಳಗೆ ಮಲಗಿ ಮುಂದಿನ ಆಕ್ಸಲ್ ನೋಡುತ್ತಿದ್ದರು. ಸ್ಪ್ಯಾನರ್ ಕೇಳಿ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲಿಸಿದರು. ಹೊರಗೆ ಬಂದದ್ದು ಆಯಿಲ್ ಅಂತ ಹೇಳೋಕೆ ಆಗಲ್ಲ, ಹಾಲು ಬೆರೆಸಿದ ಕಾಫಿ ಬಣ್ಣದ ನೀರು. ಕೆಸರುಗದ್ದೆಯಲ್ಲಿ ಉತ್ತೂ ಉತ್ತೂ ಸೀಲ್ ಹರಿದು ನೀರು ಒಳಗೆ ಹೋಗಿದೆ. ಅದರಲ್ಲೇ ಗೇರು ತಿರುಗಿದೆ. ಮುಂದಿನ ಟೈರುಗಳೂ ಬೇರೆ ಅಳತೆಯವು. ಫೋರ್ ವೀಲ್ ಗಾಡಿಯಲ್ಲಿ ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ ಒಂದು ಲೆಕ್ಕ ಇರುತ್ತದೆ. ಕೈಗೆ ಸಿಕ್ಕ ಟೈರು ಹಾಕಿದರೆ ಎರಡೂ ಒಂದಕ್ಕೊಂದು ಎಳೆದಾಡಿ ಗೇರು ತಿನ್ನುತ್ತವೆ. ಮಾರುವವರು ಒಳ್ಳೆಯ ಜನ. 'ನಮಗೂ ಇದು ಗೊತ್ತಿರಲಿಲ್ಲ ಕಣಣ್ಣ' ಅಂದರು, ಮಜ್ಜಿಗೆ ಕೊಟ್ಟು ಕಳಿಸಿದರು. ಅಪ್ಪನಿಗೆ ಹೇಳಿದಾಗ ಏನೂ ಅನ್ನದೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತರು.

ಕೊನೆಗೆ ಒಪ್ಪಿಗೆಯಾದದ್ದು ತುರುವೇಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಗಾಡಿ. 24 ಎಚ್‌ಪಿ, ಫೋರ್ ವೀಲ್. ನಾನು ಆಸೆಪಟ್ಟಿದ್ದ 28ಕ್ಕಿಂತ ಚಿಕ್ಕದು. ಬರೀ ತೆಂಗಿನ ತೋಟದಲ್ಲಿ ಓಡಿದ್ದು. ಮಕ್ಕಳೆಲ್ಲ ಬೆಂಗಳೂರು, ಓಡಿಸುವವರು ಇಲ್ಲ. ಬೆಳಿಗ್ಗೆ ಏಳಕ್ಕೇ ಹೋದೆವು. ಎಂಜಿನ್ ಮುಟ್ಟಿ ನೋಡಿದೆ, ಇಬ್ಬನಿ ಕೈಗೆ ಅಂಟಿತು. ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆ, ನಿಮಿಷದೊಳಗೆ ಮಾಯ. ಎತ್ತಿದ್ದನ್ನು ಲಿಫ್ಟ್ ಹಿಡಿದು ನಿಲ್ಲಿಸುತ್ತಾ ಅಂತ ನೋಡಲು ರೋಟವೇಟರ್ ಎತ್ತಿ ಎಂಜಿನ್ ಆಫ್ ಮಾಡಿ, ಅವರ ಮನೆಯಲ್ಲಿ ಕಾಫಿ ಕುಡಿದು ಬಂದು ನೋಡಿದೆವು. ಎತ್ತಿದ ಜಾಗದಿಂದ ಎರಡು ಬೆರಳಷ್ಟು ಕೆಳಗಿಳಿದಿತ್ತು. ಹಳೇ ಗಾಡಿಗೆ ಅಷ್ಟು ಪರವಾಗಿಲ್ಲ ಅಂದರು ಭಾಯ್. ಮುಂದಿನ ಆಕ್ಸಲ್ಲಿನಲ್ಲಿ ಒಂದು ಕಡೆ ಸಣ್ಣಗೆ ಜಿನುಗು ಇತ್ತು, ಆಯಿಲ್ ಮಾತ್ರ ಶುದ್ಧ. ಪಿಟಿಒ ಹಾಕಿ ತೆಗೆದು, ಫೋರ್ ವೀಲ್ ಲಿವರ್ ಎಳೆದು, ಅವರ ತೋಟದ ಕಾಲುವೆ ಬದು ಹತ್ತಿಸಿದೆ. ಮುಂದಿನ ಚಕ್ರ ಮಣ್ಣು ಕಚ್ಚಿ ಮೇಲೆ ಎಳೆಯಿತು. ನನಗೆ ಬೇಕಿದ್ದದ್ದು ಅದೇ.

ಟೇಪ್ ತೆಗೆದು ಅಗಲ ಅಳೆದೆ. ಟೈರಿನ ಹೊರಅಂಚಿನಿಂದ ಹೊರಅಂಚಿಗೆ ನಮ್ಮ ಹಳೇ ಗಾಡಿಗಿಂತ ಮೂರು ಬೆರಳು ಜಾಸ್ತಿ, ಅಷ್ಟೇ. ಅಡಿಕೆ ಸಾಲಿನಲ್ಲಿ ನಡೆಯುತ್ತದೆ. ಯಾರ್ಡಿನಲ್ಲಿ ನೋಡಿದ್ದ ಆ 28 ಎಚ್‌ಪಿ ಗಾಡಿ ನೂರಕ್ಕೆ ನೂರು ಸರಿಯಾಗಿದ್ದರೂ ನಮ್ಮ ಸಾಲಿನಲ್ಲಿ ಹಿಡಿಸುತ್ತಿರಲಿಲ್ಲ ಅಂತ ಆಗ ಅನ್ನಿಸಿತು. ಎಚ್‌ಪಿ ಒಂದೇ ಇದ್ದರೂ ಗಾಡಿಯಿಂದ ಗಾಡಿಗೆ ಅಗಲ, ತೂಕ ಬೇರೆ ಬೇರೆ. ಕೆಲವು ಟನ್ ದಾಟುತ್ತವೆ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯೋದು ಎಚ್‌ಪಿ ಒಂದನ್ನೇ.

ಮೇಷ್ಟ್ರು ಮೂರು ಅರವತ್ತು ಅಂದರು. ಆಕ್ಸಲ್ ಸೀಲು, ಹಿಂದಿನ ಒಂದು ಟೈರು, ಜಿಎಸ್‌ಟಿ ಎಲ್ಲ ಹೇಳಿ ಮೂರು ಮೂವತ್ತೈದಕ್ಕೆ ಇಳಿಸಿದೆವು. ನಮ್ಮ ಗಾಡಿಯನ್ನು ಕಡಬ ಕಡೆಯ ನೆಂಟರೊಬ್ಬರು ಒಂದು ತೊಂಬತ್ತಕ್ಕೆ ಒಪ್ಪಿಕೊಂಡಿದ್ದರು. ಅವರದು ಬರೀ ಸಮತಟ್ಟು ಅಡಿಕೆ ತೋಟ, ಅವರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಮೇಲೆ ಕೊಡಬೇಕಾದ್ದು ಒಂದು ನಲವತ್ತೈದು. ಹೆಂಡತಿಗೆ ಫೋನ್ ಮಾಡಿದೆ. 'ಆರ್‌ಸಿ ನೋಡಿದ್ರಾ?' ಅಂದಳು.

ನೋಡಿದೆ. ಕೆಎ-44, ತಿಪಟೂರು ರಿಜಿಸ್ಟ್ರೇಷನ್. ಚಾಸಿ ನಂಬರ್ ತಾಳೆಯಾಯಿತು. ಆದರೆ ಮೊಬೈಲಿನಲ್ಲಿ ಎಂಪರಿವಾಹನ್ (ಸರ್ಕಾರದ ವಾಹನ ಮಾಹಿತಿ ಆ್ಯಪ್) ತೆಗೆದು ನಂಬರ್ ಹಾಕಿದರೆ ಫೈನಾನ್ಸ್ ಎಂಟ್ರಿ ಇನ್ನೂ ಹಾಗೇ ಇದೆ. ಮೇಷ್ಟ್ರು, 'ಸಾಲ ಯಾವತ್ತೋ ತೀರಿಸಿದ್ದೀನಪ್ಪ' ಅಂದರು. ತೀರಿಸಿದ್ದೂ ನಿಜ. ಆದರೆ ಸಾಲ ತೀರಿದರೆ ಎಂಟ್ರಿ ತಾನಾಗಿ ಹೋಗೋದಿಲ್ಲ. ಸಾಲ ಕೊಟ್ಟವರಿಂದ ಎನ್‌ಒಸಿ (ನಮ್ಮ ತಕರಾರಿಲ್ಲ ಅನ್ನುವ ಪತ್ರ) ತಂದು, ಅವರೂ ಸಹಿ ಹಾಕಿದ ಫಾರಂ 35 ಆರ್‌ಟಿಒಗೆ ಕೊಡಬೇಕು. ಆಮೇಲೆ ಹೆಸರು ಬದಲಾವಣೆಗೆ ಫಾರಂ 29, 30. ಇನ್ಶೂರೆನ್ಸ್ ನಮ್ಮ ಹೆಸರಿಗೆ ಮಾಡಿಸಲು ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕು. ಐವತ್ತು ಸಾವಿರ ಮುಂಗಡ ಕೊಟ್ಟು, ಎನ್‌ಒಸಿ ಕೈಗೆ ಬಂದ ದಿನ ಮಿಕ್ಕಿದ್ದು ಅಂತ ಬಿಳಿ ಹಾಳೆಯಲ್ಲಿ ಬರೆದುಕೊಂಡೆವು. ಸಾಲ ಕೊಟ್ಟ ಸಂಸ್ಥೆಯವರು ಅವರನ್ನು ಚೆನ್ನಾಗಿ ಅಲೆಸಿದರು. ಪಾಪ, ವಯಸ್ಸಾದವರು, ಒಂದು ಕಾಗದಕ್ಕೆ ತುಮಕೂರಿಗೆ ಓಡಾಡಿ ಸುಸ್ತಾದರು. ಕೊನೆಗೆ ನಾನೇ ಜೊತೆಗೆ ಹೋಗಿ ಕೂತೆ.

ಗಾಡಿ ಬಂದು ಒಂದು ಮಳೆ ಆಗಿದೆ. ಇಳಿಜಾರಿನ ತಾಕಿನಲ್ಲಿ ಮತ್ತೆ ಸೀಮೆಸುಣ್ಣ ಹಿಡಿದೆ. ಫೋರ್ ವೀಲ್ ಹಾಕಿದಾಗ ನೂರಕ್ಕೆ ಹನ್ನೊಂದು ಜಾರಿತು, ಅದೂ ಟೈರಿಗೆ ನೀರು ತುಂಬಿಸದೆ. ಗಟ್ಟಿ ರಸ್ತೆಗೆ ಬಂದ ಕೂಡಲೇ ಲಿವರ್ ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ಟೈರು ಸವೆಯುತ್ತದೆ. ಮಗನಿಗೆ ಇದನ್ನು ಎಷ್ಟು ಹೇಳಿದರೂ ಸಾಲದು. ಸಾಲಿನ ಕೊನೆಯಲ್ಲಿ ತಿರುಗಿಸಲು ಹಳೇ ಗಾಡಿಗಿಂತ ಸ್ವಲ್ಪ ಜಾಸ್ತಿ ಜಾಗ ಬೇಕು. ಒಂದು ಕಡೆಯ ಬ್ರೇಕ್ ಒತ್ತಿ ತಿರುಗಿಸೋದು ರೂಢಿಯಾಗುತ್ತಿದೆ. ಅಡಿಕೆಯಲ್ಲಿ ಕೆಲಸ ಮೊದಲಿಗಿಂತ ಬೇಗ ಏನೂ ಮುಗಿಯುತ್ತಿಲ್ಲ, ಅದೇ ಮೂರಡಿ ರೋಟವೇಟರ್ ತಾನೇ. ತೆಂಗಿನಲ್ಲಿ, ಇಳಿಜಾರಿನಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ. ಗರಿ ಪುಡಿ ಮಾಡಲು ಪಕ್ಕದ ತೋಟದವರ ಗಾಡಿಯನ್ನೇ ಕೇಳಿದ್ದೇನೆ, ಬಾಡಿಗೆ ಶ್ರೆಡ್ಡರ್ ತಂದು ಇಬ್ಬರ ತೋಟಕ್ಕೂ ಒಟ್ಟಿಗೆ ಹಾಕೋಣ ಅಂದಿದ್ದಾರೆ. ಆಕ್ಸಲ್ ಸೀಲು ಗುಬ್ಬಿಯಲ್ಲಿ ಸಿಗಲಿಲ್ಲ, ಬೆಂಗಳೂರಿಂದ ತರಿಸಿಕೊಡ್ತೀನಿ ಅಂತ ಭಾಯ್ ಹೇಳಿದ್ದಾರೆ. ಅಲ್ಲಿವರೆಗೂ ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡಿಕೊಂಡು ಓಡಿಸುತ್ತಿದ್ದೇನೆ.